ಕರಿಬಸಪ್ಪನ ಉದ್ದ ಸಹಿ

ಹಿಂಗಾರಿ ಜೋಳ ತೆನೆ ಹಾಕಿತ್ತು. ಹಸಿ ತೆನೆ ಸುಟ್ಟು ಸೀತನಿ ತಿನ್ನಲು ಇನ್ನೂ ಎಂಟು ದಿನ ತಡೆಯಬೇಕೆಂದು ಹಿರಿಯರು ಹೇಳುತ್ತಿದ್ದರು, ಯಾರೂ ಕೇಳುತ್ತಿರಲಿಲ್ಲ. ಅಂಥ ಒಂದು ಸೋಮವಾರ, ಎಳೆಬಿಸಿಲು ಹನುಮಪ್ಪನ ಗುಡಿಯ ಕಟ್ಟೆಗೆ ಬಂದು ಮುದುಕರ ಬೆನ್ನು ಕಾಯಿಸುತ್ತಿದ್ದ ಹೊತ್ತಿಗೆ, ಕುಷ್ಟಗಿ ಕಡೆಯಿಂದ ಒಂದು ಬಿಳಿ ಜೀಪು ಕರೇಮಟ್ಟಿಗೆ ಬಂತು. ಕರಿಬಸಪ್ಪನ ಮರ್ಯಾದೆಗೆ ಗದ್ದಲ ಹತ್ತಿದ್ದು ಅವತ್ತಿನಿಂದ.

ಕರೇಮಟ್ಟಿಗೆ ಬಸ್ಸು ದಿನಕ್ಕೆ ಎರಡು ಸಲ ಬರುತ್ತದೆ. ಮೊಬೈಲಿನ ಸಿಗ್ನಲ್ಲು ಅಷ್ಟೂ ಬರುವುದಿಲ್ಲ. ನೀರಿನ ಟಾಕಿಯ ಏಳನೆಯ ಮೆಟ್ಟಿಲ ಮೇಲೆ ನಿಂತು ಮುಖವನ್ನು ತಾವರಗೇರಿ ಕಡೆ ತಿರುಗಿಸಿದರೆ ಮಾತು ಕೇಳಿಸುತ್ತದೆ. ಆರನೆಯ ಮೆಟ್ಟಿಲಲ್ಲಿ ಬರೀ ಗೊರಗೊರ ಸದ್ದು. ಅಲ್ಲಿ ನಿಂತು ಕೂಗಿ ಮಾತಾಡಬೇಕಾದ್ದರಿಂದ ಬೀಗರ ಮನೆಯ ಗುಟ್ಟೆಲ್ಲ ಕೆಳಗೆ ನೀರು ಹಿಡಿಯಲು ನಿಂತವರಿಗೂ ತಿಳಿಯುತ್ತಿತ್ತು. ಇದನ್ನು ಸರಿಮಾಡಬೇಕೆಂದು ಒಂದು ಸಂಸ್ಥೆಯವರು ಮನಸ್ಸು ಮಾಡಿದ್ದರು. ಪಂಚಾಯತಿ ಗ್ರಂಥಾಲಯದ ಮಾಳಿಗೆಯ ಮೇಲೆ ಒಂದು ಬಿಳಿ ತಟ್ಟೆ ಕೂರಿಸಿ, ಕೆಳಗೆ ಇಂಟರ್‌ನೆಟ್ ಇಳಿಸಿ, ಐವತ್ತು ದಾಟಿದವರಿಗೆ ಮೊಬೈಲು, ಟ್ಯಾಬು ನಡೆಸುವುದನ್ನು ಕಲಿಸುವುದು. ಕಲಿತ ಮನೆಗೊಂದು ಟ್ಯಾಬು.

ನಿಯಮ ಒಂದೇ: ಹೆಸರು ಹಚ್ಚುವುದು ಗಂಡ ಹೆಂಡತಿ ಜೋಡಿಯಾಗಿ. ಹಿಂದೆ ಯಲಬುರ್ಗಾ ಕಡೆಯ ಊರುಗಳಲ್ಲಿ ಗಂಡಸರಷ್ಟೇ ಬಂದು ಕುರ್ಚಿ ಹಿಡಿದರಂತೆ; ಹೆಂಗಸರು ಬಾಗಿಲಲ್ಲಿ ನಿಂತು ನೋಡಿ ರೊಟ್ಟಿ ಬಡಿಯಲು ಹೋದರಂತೆ. ಹೆಂಗಸರು ಹೊರಗುಳಿಯಬಾರದೆಂದು ದೊಡ್ಡವರು ಯಾರೋ ಕೂತು ವಿಚಾರ ಮಾಡಿ ಈ ನಿಯಮ ಮಾಡಿದ್ದರು. ಒಳ್ಳೆಯ ನಿಯಮವೇ. ಆದರೆ ಅವರು ಕರಿಬಸಪ್ಪನನ್ನು ನೋಡಿರಲಿಲ್ಲ.

ಈ ಸುದ್ದಿ ಕೇಳಿ ಊರಲ್ಲಿ ಎಲ್ಲರಿಗಿಂತ ಮೊದಲು ಸೆರಗು ಸರಿಮಾಡಿಕೊಂಡವಳು ಕರಿಬಸಪ್ಪನ ಹೆಂಡತಿ ಕಳಕಮ್ಮ. ಕಡಕ್ ರೊಟ್ಟಿ ಮಾಡಿ ಕುಷ್ಟಗಿಯ ಖಾನಾವಳಿಗಳಿಗೆ ಕಳಿಸುವ ಹೆಂಗಸರ ಸಂಘಕ್ಕೆ ಆಕೆಯೇ ಮುಂದಾಳು. ಆದರೆ ಆರ್ಡರ್ ಬರುತ್ತಿದ್ದದ್ದು ಪಂಚಾಯತಿ ಮೆಂಬರ್ ವಿರುಪಣ್ಣನ ಮೊಬೈಲಿಗೆ. ಸಂದೇಶ ತೋರಿಸುವ ಮೊಬೈಲು ಆ ಓಣಿಯಲ್ಲಿ ಇದ್ದದ್ದು ಅವನದೊಂದೇ. ಅವನು ಟಾಕಿ ಏರಿದಾಗ ನೋಡಬೇಕು, ನೋಡಿದ್ದು ನೆನಪಿರಬೇಕು. ಹೋದ ತಿಂಗಳು ಮದುವೆಯೊಂದಕ್ಕೆ ನಾನೂರು ರೊಟ್ಟಿ ಬೇಕೆಂದು ಬಂದ ಸಂದೇಶವನ್ನು ವಿರುಪಣ್ಣ ಓದಿ ಹೇಳಿದ್ದು ಮದುವೆಯಾಗಿ ಮೂರು ದಿನಕ್ಕೆ. "ಪಾಪ, ಮದುಮಕ್ಕಳು ಛಲೋ ಅದಾರಂತ" ಎಂದು ಸಮಾಧಾನವನ್ನೂ ಹೇಳಿದ.

"ನನಗ ಬಂದ ಆರ್ಡರ್ ನನ್ನ ಕಣ್ಣೀಲೆ ನಾ ನೋಡಬೇಕು" ಎಂದು ಕಳಕಮ್ಮ ಅಂದೇ ಹೇಳಿದ್ದಳು. ಇರುವುದು ಇಪ್ಪತ್ತು ಜೋಡಿಗೆ ಜಾಗ. ಶನಿವಾರ ಸಂಜೆ ಐದಕ್ಕೆ ಬಾಗಿಲು ಮುಚ್ಚುತ್ತಾರೆ. ಉಳಿದ ಜಾಗ ಪಕ್ಕದ ಊರಿಗೆ.

ಇನ್ನು ಕರಿಬಸಪ್ಪ. ವೃತ್ತಿಯಿಂದ ಅವನು ಹಗ್ಗ ಹೊಸೆಯುವವನು. ಪುಂಡಿನಾರಿನಿಂದ ದನ ಕಟ್ಟುವ ಕಣ್ಣಿ, ದಾವಣಿ, ಬಾವಿಯ ಹಗ್ಗ. ವರ್ಷಕ್ಕೆ ಎರಡು ಸಲ ಗಂಗಾವತಿಯ ಅಕ್ಕಿ ಗಿರಣಿಗಳಿಗೂ ಹಗ್ಗ ಕೊಟ್ಟು ಬರುತ್ತಿದ್ದ. ಆದರೆ ಮನಸ್ಸಿನಲ್ಲಿ ಅವನು ಹಗ್ಗದವನಲ್ಲ, ಸಹಿಯವನು.

ಅದು ಈಗಿನ ಕೊಪ್ಪಳ ಜಿಲ್ಲೆ ಇನ್ನೂ ರಾಯಚೂರಿನ ಹೊಟ್ಟೆಯಲ್ಲಿದ್ದ ಕಾಲದ ಮಾತು. ದೊಡ್ಡವರಿಗೆ ಅಕ್ಷರ ಕಲಿಸುವ ಸಂಜೆ ಸಾಲಿ ಊರಿಗೆ ಬಂತು. ಹದಿನಾಲ್ಕು ಮಂದಿ ಸಹಿ ಕಲಿತರು. ಮುಗಿದ ದಿನ ಸಾಹೇಬರೊಬ್ಬರು ಬಂದು, ಊರಲ್ಲಿದ್ದ ಮಸಿ ಪ್ಯಾಡನ್ನು ಬನ್ನಿಗಿಡದ ಬುಡದಲ್ಲಿ ಕುಣಿ ತೋಡಿಸಿ ಹೂಳಿಸಿದರು. ಕಾಯಿ ಒಡೆದು, ಊದಿನಕಡ್ಡಿ ಹಚ್ಚಿ, ಇನ್ನು ಸಾಯುವ ತನಕ ಹೆಬ್ಬೆಟ್ಟು ಒತ್ತುವುದಿಲ್ಲವೆಂದು ಹದಿನಾಲ್ಕು ಮಂದಿ ಆಣೆ ಮಾಡಿದರು. ಆಣೆ ಮಾಡಿದವರಲ್ಲಿ ಕೆಲವರು ತೀರಿಕೊಂಡರು, ಕೆಲವರು ಮರೆತರು. ರೇಷನ್ ಅಂಗಡಿಗೆ ಬೆರಳಿನ ಯಂತ್ರ ಬಂದಾಗ ಉಳಿದವರೆಲ್ಲ ಸದ್ದಿಲ್ಲದೆ ಒತ್ತಿದರು. ಕರಿಬಸಪ್ಪ ಮಾತ್ರ ಪ್ರತಿ ವರ್ಷ ಬನ್ನಿಹಬ್ಬಕ್ಕೆ ಆ ಕುಣಿಯ ಮೇಲೆ ಒಂದು ಕಾಯಿ ಒಡೆಯುತ್ತ ಬಂದ. ರೇಷನ್ನಿಗೆ ಕಳಕಮ್ಮನ ಹೆಬ್ಬೆಟ್ಟು ನಡೆಯುತ್ತಿತ್ತು. ಆಧಾರ್ ಕಾರ್ಡಿಗೆ ಹತ್ತೂ ಬೆರಳು ಕೊಟ್ಟೆಯಲ್ಲ ಎಂದರೆ ಅವನ ಉತ್ತರ ಸಿದ್ಧವಿತ್ತು: "ಹತ್ತು ಬೆರಳು ಕೂಡಿ ಇಟ್ರ ಅದು ನಮಸ್ಕಾರ. ಒಂದ ಇಟ್ರ ಅದು ಹೆಬ್ಬಟ್ಟು."

ಆ ಸೋಮವಾರ ಕಳಕಮ್ಮ ಹೇಳಿದ ಕೂಡಲೆ ಅವನು ಒಗೆದ ಧೋತರ ಉಟ್ಟು, ಅಂಗಿಯ ಕಿಸೆಗೆ ಪೆನ್ನು ಸಿಕ್ಕಿಸಿಕೊಂಡು ಹೊರಟ. ಗ್ರಂಥಾಲಯದಲ್ಲಿ ಗಂಗಾವತಿಯಿಂದ ಬಂದ ಸಹನಾ ಎಂಬ ಹುಡುಗಿ ಲ್ಯಾಪ್‌ಟಾಪು ಮುಂದಿಟ್ಟುಕೊಂಡು ಕೂತಿದ್ದಳು. ಕಲಿಸುವವಳು ಅವಳೇ, ಹೆಸರು ಹಚ್ಚುವವಳೂ ಅವಳೇ. ಹೆಸರಿಗೆ ತಕ್ಕ ಹುಡುಗಿ. ಆ ವಾರ ಅವಳ ಸಹನೆ ಪೂರಾ ಖರ್ಚಾಯಿತು.

"ಎಲ್ಲಿ ಸಹಿ ಮಾಡ್ಲಿ, ಯವ್ವಾ?" ಎಂದು ಕರಿಬಸಪ್ಪ ಪೆನ್ನಿನ ಮುಚ್ಚಳ ತೆಗೆದ.

"ಸಹಿ ಬ್ಯಾಡ್ರಿ ಅಜ್ಜಾರ. ಇದರ ಮ್ಯಾಲ ಹೆಬ್ಬಟ್ಟು ಇಡ್ರಿ ಸಾಕು."

"ನಾ ಹೆಬ್ಬಟ್ಟಿನಂವ ಅಲ್ಲ."

"ಎಲ್ಲಾರೂ ಇಟ್ಟಾರ್ರಿ. ಮೆಂಬರ್ ಸಾಹೇಬರೂ ಇಟ್ರು."

"ಮೆಂಬರ್ ಇಡ್ತಾನ. ಅವಗ ಓಟಿನ ಚಿಂತಿ. ನನಗ ಸಹಿ ಬರ್ತೈತಿ."

"ಬರ್ತೈತ್ರಿ, ಖರೆ. ಆದ್ರ ಮಷೀನ್‌ದಾಗ ಸಹಿಗೆ ಜಾಗಾನ ಇಲ್ರಿ."

"ಹಂಗಾರ ಮಷೀನ್ ಸಾಲಿ ಕಲ್ತಿಲ್ಲ ಅನ್ನು" ಎಂದ ಕರಿಬಸಪ್ಪ. ಸಾಲಿ ಕಲಿಯದವರ ಮೇಲೆ ಅವನಿಗೆ ಮೊದಲಿನಿಂದ ಕನಿಕರ. ಆ ಯಂತ್ರವನ್ನು ಮೆಲ್ಲಗೆ ಹತ್ತಿರ ಎಳೆದುಕೊಂಡು, ಬೆರಳಗಲದ ಗಾಜಿನ ಮೇಲೆ ಪೆನ್ನೂರಿ 'ಕ' ಎಂದು ಬರೆದ. ಗಾಜು ಮುಗಿಯಿತು.

"ಇದಕ್ಕಿಂತ ದೊಡ್ಡದು ಇಲ್ಲೇನವ್ವಾ? ನಂದು ಉದ್ದ ಸಹಿ."

ಯಂತ್ರ ಕೆಂಪು ದೀಪ ಹಚ್ಚಿ ಮೂರು ಸಲ ಕೂಗಿತು. ಸಹನಾ ಗಾಬರಿಯಾಗಿ ವೇಲಿನ ತುದಿಯಿಂದ ಗಾಜು ಒರೆಸಿದಳು. ಕರಿಬಸಪ್ಪ ಒರೆಸುವ ತನಕ ನೋಡಿ, ಪೆನ್ನು ಮುಚ್ಚಿ, ಕಿಸೆಗಿಟ್ಟ.

"ನನ್ನ ಹೆಸರು ನನ್ನ ಮುಂದs ಅಳಿಸಿದಿ. ಆಗ್ಲಿ" ಎಂದು ಹೇಳಿ ಮೆಟ್ಟಿಲಿಳಿದು ಹೋದ. ಬಾಗಿಲಲ್ಲಿ ನಿಂತಿದ್ದ ಕಳಕಮ್ಮನನ್ನು ತಿರುಗಿ ನೋಡಲಿಲ್ಲ.

ಒಬ್ಬ ಮನುಷ್ಯ ಹೆಬ್ಬೆಟ್ಟು ಇಡುವುದಿಲ್ಲ ಎಂದರೆ ಊರು ಸುಮ್ಮನಿರುವುದುಂಟೆ? ಕಟ್ಟೆಯ ಮೇಲೆ ವಿರುಪಣ್ಣ ಎಲೆಗೆ ಸುಣ್ಣ ಹಚ್ಚುತ್ತ ಮಾತು ತೆಗೆದ.

"ಆಣಿ ಗೀಣಿ ಎಲ್ಲಾ ಸುಳ್ಳು. ಆ ಮಷೀನ್ ಎಂಥಾದ್ದು ಗೊತ್ತೇನು ನಿಮಗ? ನಾ ಹೆಬ್ಬಟ್ಟು ಇಟ್ಟೆ, ಇಟ್ಟ ಕೂಡ್ಲೆ ಜೋಡಿ ಅಂತ ನಮ್ಮಾಕಿ ಹೆಸರು ಬಂತು, ಶಾಂತಕ್ಕ ಅಂತ. ನಾ ಬಾಯಿ ಬಿಟ್ಟು ಹೇಳೇ ಇಲ್ಲ. ಹೆಂಡ್ತಿ ಯಾರು ಅಂತ ಅದು ಬೆರಳು ನೋಡಿ ಹೇಳ್ತೈತಿ."

ಶಾಂತಕ್ಕನೇ ಅಂದು ಮುಂಜಾನೆ ಮನೆಗೆ ಬಂದ ಸಹನಾಗೆ ಹೆಸರು ಹೇಳಿ ಬರೆಸಿದ್ದು ಅವನಿಗೆ ಗೊತ್ತಿರಲಿಲ್ಲ. ಹೆಂಡತಿ ಮಾಡುವ ಕೆಲಸ ಮೆಂಬರರಿಗೆ ತಿಳಿಯುವುದು ಕಡಿಮೆ.

"ಹಂಗಾರ ಕರಿಬಸಣ್ಣ ಇಟ್ರ..." ಎಂದು ಒಬ್ಬರು ಅರ್ಧಕ್ಕೆ ನಿಲ್ಲಿಸಿದರು.

"ನಾ ಏನೂ ಅಂದಿಲ್ಲಪಾ" ಎಂದ ವಿರುಪಣ್ಣ. "ವರ್ಷಕ್ಕ ಎರಡು ಸಲ ಗಂಗಾವತಿಗೆ ಹೋಗ್ತಾನ. ಅಷ್ಟs ಅಂದೆ."

ಅಷ್ಟು ಸಾಕಾಯಿತು. ಸೋಮವಾರ ಮಧ್ಯಾಹ್ನಕ್ಕೆ ಗಂಗಾವತಿಯಲ್ಲಿ ಕರಿಬಸಪ್ಪನಿಗೆ ಇನ್ನೊಬ್ಬಾಕೆ ಇದ್ದಳು. ಸಂಜೆಗೆ ಅಕ್ಕಿ ಗಿರಣಿಯ ಹಿಂದೆ ಆಕೆಗೊಂದು ಮನೆಯಾಯಿತು. ಮಂಗಳವಾರ ಆ ಮನೆಯಲ್ಲಿ ಎರಡು ಮಕ್ಕಳು ಹುಟ್ಟಿ ಬೆಳೆದು ಸಾಲಿಗೆ ಹೋದವು. ಎರಡನೆಯದರ ಮೂಗು ತಂದೆಯದೇ. ಬುಧವಾರ ಬಾಗಿಲಲ್ಲಿ ಒಂದು ಎಮ್ಮೆ ಕಟ್ಟಿತ್ತು. ಗುರುವಾರ ಕನಕಗಿರಿ ಸಂತೆಗೆ ಹೋಗಿಬಂದ ಒಬ್ಬ, ಆ ಎಮ್ಮೆಯ ಮಜ್ಜಿಗೆ ಕುಡಿದವರನ್ನು ತಾನು ಕಂಡೆ ಎಂದ. ಇಷ್ಟೆಲ್ಲ ಆಗುವಾಗ ಕರಿಬಸಪ್ಪ ತನ್ನ ಹಿತ್ತಲಲ್ಲಿ ಕೂತು ದಾವಣಿ ಹೊಸೆಯುತ್ತಿದ್ದ. ಒಂದು ಸಂಸಾರ ಕಟ್ಟಿದವನಿಗೇ ಅದರ ಸುದ್ದಿ ಇರಲಿಲ್ಲ.

ಮಗ್ಗುಲ ಮನೆಯ ಸೈದಾನಬಿ ಗುರುವಾರ ಮಧ್ಯಾಹ್ನ ಮೊರ ತೆಗೆದುಕೊಂಡು ಬಂದಳು. ಮೊರ ಬರೀ ನೆಪ. ಅದರಲ್ಲಿ ಜೋಳ ಇರಲಿಲ್ಲ.

"ಕಳಕಮ್ಮಕ್ಕಾ, ಸಿಟ್ಟಾಗಬ್ಯಾಡ. ಊರಾಗ ಒಂದು ಮಾತು ಐತಿ."

"ಸವತಿ ಮಾತೇನು? ಅದು ಬಂದು ಮೂರು ದಿನ ಆತು. ಎಮ್ಮಿ ಎಷ್ಟು ಅಂತ ಹೇಳು, ಅದೊಂದು ತಿಳಿದಿಲ್ಲ."

"ಒಂದಂತ."

"ನೋಡು, ನನಗ ಅದೂ ಇಲ್ಲ."

"ಯಕ್ಕಾ, ನೀ ನಗತೀಯಲ್ಲ!"

"ನಗದs ಏನ್ ಮಾಡ್ಲಿ, ಸೈದಾನಬಿ? ಇವರಿಗೆ ಮನ್ಯಾಗಿನ ಒಬ್ಬ ಹೆಂಡ್ತಿ ಉಣ್ಣಾಕ ಕರದ್ರ ಕೇಳಸಂಗಿಲ್ಲ. ಗಂಗಾವತ್ಯಾಕಿ ಕರದ್ರ ಕೇಳಸ್ತೈತೇನು?" ಎಂದು ಕಳಕಮ್ಮ ಹಿಟ್ಟು ನಾದಿದಳು. ಒಂದು ಗಳಿಗೆ ಬಿಟ್ಟು ಕೇಳಿದಳು: "ಎಷ್ಟು ಜೋಡಿ ಆದ್ವು?"

"ಹದಿನೆಂಟು. ನಾವೂ ಹಚ್ಚಿ ಬಂದ್ವಿ. ಇವರನ್ನ ಕೈ ಹಿಡದು ಎಳಕೊಂಡು ಹೋದೆ."

"ಎರಡು ಉಳದಾವ" ಎಂದಳು ಕಳಕಮ್ಮ. ಆಗ ನಗಲಿಲ್ಲ.

ಅಂದು ಊಟಕ್ಕೆ ಕೂತಾಗ ಅವಳು ಗಂಡನ ತಾಟಿಗೆ ರೊಟ್ಟಿ ಹಾಕಿ, ಪುಂಡಿಪಲ್ಯ ಬಡಿಸಿ, ಬಹಳ ಮರ್ಯಾದೆಯಿಂದ ಕೇಳಿದಳು.

"ಗಂಗಾವತಿ ಊಟ ಇದಕ್ಕಿಂತ ಛಲೋ ಇರ್ತೈತೇನ್ರಿ?"

"ಅಲ್ಲಿ ಮೂರು ಹೊತ್ತೂ ಅನ್ನ. ಯಾಕ?"

"ಮಜ್ಜಿಗಿ ಇರ್ತೈತೋ?"

"ಯಾವ ಮಜ್ಜಿಗಿ?"

"ನಿಮ್ಮ ಎಮ್ಮಿದು" ಎಂದು ಕಳಕಮ್ಮ ಶುರುಮಾಡಿ, ಮನೆ, ಮಕ್ಕಳು, ಮೂಗು, ಎಲ್ಲವನ್ನೂ ಕ್ರಮವಾಗಿ ಹೇಳಿದಳು. ಕರಿಬಸಪ್ಪನಿಗೆ ರೊಟ್ಟಿಯ ಚೂರು ನೆತ್ತಿಗೇರಿತು. ಕೆಮ್ಮಿ ಕೆಮ್ಮಿ, ಎರಡು ತಂಬಿಗೆ ನೀರು ಕುಡಿದ ಮೇಲೆ ಅವನ ಬಾಯಿಂದ ಬಂದದ್ದು ಒಂದೇ ಮಾತು:

"ಸಾಲಿಗೂ ಹೋಗ್ತಾವಂತ?"

"ಹೋಗ್ತಾವಂತ. ಮಷೀನಿಗೆ ಹೆಬ್ಬಟ್ಟು ಇಟ್ರ ಆಕಿ ಹೆಸರು ಬರ್ತೈತಂತ, ಅದಕ್ಕ ನೀವು ಇಡವಲ್ರಿ ಅಂತ. ನೀವು ಇಡೂತನಕ ಆಕಿ ಇರಾಕಿನs."

"ಏ, ನಾ ಆಣಿ ಮಾಡೇನಿ ಅಂತ ಎಲ್ಲಾರಿಗೂ ಗೊತ್ತೈತಿ."

"ಆಣಿ ನನಗೂ ಮಾಡಿದ್ರಿ. ಮದುವಿ ಆದ ವರ್ಷ ಕುಷ್ಟಗಿ ತೋರಸ್ತೀನಿ ಅಂತ. ರೊಟ್ಟಿ ಗಂಟು ಹೊತಗೊಂಡು ನಾನs ಹೋಗಿ ನೋಡಿ ಬಂದೆ." ಕಳಕಮ್ಮ ತಾಟು ತೆಗೆದಳು. "ಸಂಘದಾಗ ಒಂಬತ್ತು ಮಂದಿ ಅದೀವಿ. ಆರ್ಡರ್ ತಪ್ಪಿದ ದಿನ ಒಂಬತ್ತೂ ಮಂದಿ ನನ್ನ ಮಾರಿ ನೋಡ್ತಾರ. ನಾ ಯಾರ ಮಾರಿ ನೋಡ್ಲಿ?"

ಕರಿಬಸಪ್ಪ ಎದ್ದು ಹಿತ್ತಲಿಗೆ ಹೋದ. ಪುಂಡಿನಾರು ಎಳೆದುಕೊಂಡು ಹೊಸೆಯತೊಡಗಿದ. ಆ ಒಂದು ಮಧ್ಯಾಹ್ನ ಹೊಸೆದ ಹಗ್ಗ ಊರಿನ ಎತ್ತುಗಳಿಗೆಲ್ಲ ಸಾಲುತ್ತಿತ್ತು.

ಶುಕ್ರವಾರ ಅವನ ಗೆಳೆಯ ಸಣ್ಣಪ್ಪ ಬಂದ. ಆಣೆ ಮಾಡಿದ ಹದಿನಾಲ್ಕರಲ್ಲಿ ಅವನೂ ಒಬ್ಬ. ಬಂದವನು ಬಹಳ ಹೊತ್ತು ಹಗ್ಗದ ತುದಿ ಹಿಡಿದುಕೊಟ್ಟು ಕೂತ.

"ಲೇ ಕರಿಬಸ್ಯಾ, ನಿನಗೊಂದು ಮಾತು ಹೇಳಬೇಕಿತ್ತು. ಹೇಳಾಕ ಮೂವತ್ತು ವರ್ಷ ಆತು."

"ನಿಂಗೂ ಗಂಗಾವತ್ಯಾಗ ಯಾರರ ಅದಾರೇನು?"

"ಅಲ್ಲೋ. ಬನ್ನಿಗಿಡದ ಬುಡಕ ಪ್ಯಾಡ್ ಹೂತ್ವಿ ನೋಡು. ಎಂಟು ದಿನಕ್ಕ ನಾನs ಅಗದು ತಗದೆ. ಹೊಲ ಪಾಲು ಮಾಡೂ ವಾಟ್ನಿ ಕಾಗದಕ್ಕ ನಮ್ಮವ್ವನ ಹೆಬ್ಬಟ್ಟು ಬೇಕಾಗಿತ್ತು. ಊರಾಗ ಇದ್ದದ್ದು ಅದೊಂದs ಪ್ಯಾಡು."

ಕರಿಬಸಪ್ಪ ಹೊಸೆಯುವುದನ್ನು ನಿಲ್ಲಿಸಿದ. "ಹಂಗಾರ ನಾ ವರ್ಷಾ ಕಾಯಿ ಒಡದದ್ದು?"

"ಕುಣಿಗೆ ಒಡದಿ. ಕುಣಿ ಏನು ತಪ್ಪು ಮಾಡೇತಿ? ಕಾಯಿ ಹೋಳು ನಾನೂ ತಿಂದೀನಿ" ಎಂದ ಸಣ್ಣಪ್ಪ. "ಈಗ ಇಟ್ಟುಬಿಡೋ. ಕಳಕಮ್ಮವ್ವ ಬಾಗಲದಾಗ ನಿಂತು ನೋಡೂದು ನನಗ ನೋಡಾಕ ಆಗವಲ್ದು."

ಕರಿಬಸಪ್ಪ ಹೊಸೆದಷ್ಟು ಹಗ್ಗವನ್ನು ಸುತ್ತಿ ಬದಿಗಿಟ್ಟ. ಕೊನೆಗೆ ಕರಿಬಸಪ್ಪ ಒಂದು ಶರತ್ತು ಹಾಕಿದ: ಮೊದಲು ಕಾಗದದ ಮೇಲೆ ಸಹಿ, ಆಮೇಲೆ ಹೆಬ್ಬೆಟ್ಟು. ಸಹಿ ಬಲ್ಲವನು ತಾನಾಗಿ ಕೊಟ್ಟ ಹೆಬ್ಬೆಟ್ಟು ಇದು ಎಂದು ಊರು ತಿಳಿಯಬೇಕು. ಸಣ್ಣಪ್ಪ ಹೋಗಿ ಸಹನಾಗೆ ಹೇಳಿದ. ಆಕೆ ಒಂದು ಹೊಸ ನೋಟ್‌ಬುಕ್ ತೆಗೆದು, ಮೊದಲ ಪುಟಕ್ಕೆ ಗೆರೆ ಹೊಡೆದು ಇಟ್ಟಳು. ಸಹಿಗಾಗಿ ಒಂದು ಪುಸ್ತಕವನ್ನೇ ಇಟ್ಟಿದ್ದಾರೆಂದು ಕೇಳಿ ಕರಿಬಸಪ್ಪ ಶನಿವಾರ ಮುಂಜಾನೆಯೇ ಕ್ಷೌರ ಮಾಡಿಸಿಕೊಂಡ.

ಶನಿವಾರ ನಾಲ್ಕು ಗಂಟೆಗೆ ಗ್ರಂಥಾಲಯದ ಮುಂದೆ ಚಪ್ಪಲಿ ಬಿಡಲು ಜಾಗವಿರಲಿಲ್ಲ. ಓದಲು ಬಾರದ ಜನ ಅಷ್ಟು ಸಂಖ್ಯೆಯಲ್ಲಿ ಗ್ರಂಥಾಲಯಕ್ಕೆ ಬಂದದ್ದು ಅದೇ ಮೊದಲು. ಎಲ್ಲರಿಗೂ ಗಂಗಾವತಿಯವಳ ಹೆಸರು ಬೇಕಿತ್ತು. ಹತ್ತೊಂಬತ್ತು ಜೋಡಿಯಾಗಿತ್ತು, ಒಂದು ಉಳಿದಿತ್ತು. ಕಳಕಮ್ಮ ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ. ಒಳಗೆ ಬಂದು ಗಂಡನ ಮಗ್ಗುಲಿಗೆ ನಿಂತಳು.

ಕರಿಬಸಪ್ಪ ನೋಟ್‌ಬುಕ್ಕಿನಲ್ಲಿ ಸಹಿ ಮಾಡಿದ. ಅದಕ್ಕೆ ಮೂರು ನಿಮಿಷ ಹಿಡಿಯಿತು. ಆಮೇಲೆ ತಲೆ ಎತ್ತಿ ಎಲ್ಲರನ್ನೂ ಒಂದು ಸುತ್ತು ನೋಡಿ, ಬಾವಿಗೆ ಇಳಿಯುವವನ ಹಾಗೆ ಉಸಿರು ಹಿಡಿದು, ಹೆಬ್ಬೆಟ್ಟನ್ನು ಗಾಜಿನ ಮೇಲೆ ಇಟ್ಟ.

ಕೆಂಪು ದೀಪ.

"ಇನ್ನೊಮ್ಮೆ ಇಡ್ರಿ ಅಜ್ಜಾರ."

ಕೆಂಪು ದೀಪ.

"ನೋಡಿದ್ರಿಲ್ಲೋ! ಯಾವ ಹೆಂಡ್ತಿ ಹೆಸರು ಹೇಳ್ಲಿ ಅಂತ ಮಷೀನಿಗೂ ತಿಳೀವಲ್ದು" ಎಂದ ವಿರುಪಣ್ಣ.

"ಮೆಂಬರ್ ಸಾಹೇಬ್ರ, ಮಷೀನ್ ಯಾರ ಹೆಂಡ್ತಿ ಹೆಸರೂ ಹೇಳಂಗಿಲ್ರಿ" ಎಂದಳು ಸಹನಾ. "ಹೆಸರು ನಾನs ಮೊದ್ಲು ಬರಕೊಂಡಿರ್ತೀನಿ. ನಿಮ್ಮ ಮನ್ಯಾಗ ಶಾಂತಕ್ಕನೋರು ಬರಸಿದ್ರು."

ಹಿಂದಿನ ಸಾಲಿನಿಂದ ಶಾಂತಕ್ಕ, "ಹೌದ್ರಿ, ಇವರ ವಯಸ್ಸೂ ನಾನs ಬರಸೀನಿ" ಎಂದಳು. ವಿರುಪಣ್ಣ ಎಲೆ ಉಗುಳುವ ನೆಪದಲ್ಲಿ ಹೊರಗೆ ಹೋಗಿ ಕಿಟಕಿಯಿಂದ ನೋಡತೊಡಗಿದ. ಗಂಗಾವತಿಯ ಮನೆ, ಮಕ್ಕಳು, ಎಮ್ಮೆ ಆ ಗಳಿಗೆಯಲ್ಲೇ ಇಲ್ಲವಾದವು. ಕೆಲವರಿಗೆ ಎಮ್ಮೆಯ ಬಗ್ಗೆ ಬೇಸರವೂ ಆಯಿತು.

ಆದರೆ ದೀಪ ಮಾತ್ರ ಕೆಂಪೇ. ಊರಿನವರಿಗೆ ಈಗ ಹಟ ಬಂತು. ಬೆವರಿದೆ ಎಂದು ಒಬ್ಬರು ಟವೆಲು ಕೊಟ್ಟರು. ಒಣಗಿದೆ ಎಂದು ಸೈದಾನಬಿ ಕೊಬ್ಬರಿ ಎಣ್ಣೆ ತಂದಳು. ಎಣ್ಣೆ ಹೆಚ್ಚಾಯಿತೆಂದು ಶಾಂತಕ್ಕ ಸೀಗೆಪುಡಿ ಹಾಕಿ ತಿಕ್ಕಿದಳು. ಹೆಬ್ಬೆಟ್ಟಾಯಿತು, ತೋರುಬೆರಳಾಯಿತು, ಹತ್ತೂ ಬೆರಳಾದವು. ಕೊನೆಗೆ ಸಹನಾ ಅವನ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ಅಜ್ಜಾರ, ನಿಮ್ಮ ಬೆರಳಾಗ ಗೆರೀನ ಇಲ್ರಿ."

ಎಲ್ಲಿಂದ ಇರಬೇಕು? ಐವತ್ತು ವರ್ಷ ಪುಂಡಿನಾರು ಹೊಸೆದ ಬೆರಳುಗಳು. ಗೆರೆಗಳು ಒಂದೊಂದಾಗಿ ಕಣ್ಣಿ ದಾವಣಿಗಳ ಜೊತೆ ಊರೂರಿಗೆ ಹೋಗಿದ್ದವು.

ಕರಿಬಸಪ್ಪ ಕೈ ಹಿಂದಕ್ಕೆ ತೆಗೆದುಕೊಂಡ. ಅವನ ಮುಖ ನೋಡಿ ಯಾರೂ ನಗಲಿಲ್ಲ. "ಮೂವತ್ತು ವರ್ಷ ಒಲ್ಲೆ ಒಲ್ಲೆ ಅಂದೆ" ಎಂದ. "ಕೊಡ್ತೀನಿ ಅಂದ ದಿನ ಅದು ಒಲ್ಲೆ ಅಂತು." ಆಮೇಲೆ ಹೆಂಡತಿಯ ಕಡೆ ತಿರುಗಿ, ಬಹಳ ಮೆತ್ತಗೆ, "ನಿನ್ನ ಜಾಗ ಹೋತಲ್ಲ" ಎಂದ.

ಗಡಿಯಾರ ನಾಲ್ಕೂ ಮೂವತ್ತೈದು ತೋರಿಸುತ್ತಿತ್ತು. ಸಹನಾ ಕೊಪ್ಪಳದಲ್ಲಿದ್ದ ತನ್ನ ಸಂಸ್ಥೆಯ ಸಾಹೇಬರಿಗೆ ವಿಡಿಯೋ ಕಾಲ್ ಹಚ್ಚಿದಳು. ಮಾಳಿಗೆಯ ಮೇಲಿನ ತಟ್ಟೆ ಅಂದು ಮೊದಲ ಸಲ ಊರಿನ ಕೆಲಸಕ್ಕೆ ಬಂತು. ಟಾಕಿ ಏರದೆ, ಕುರ್ಚಿಯಲ್ಲಿ ಕೂತು, ಸಾಹೇಬರ ಮುಖ ಮೀಸೆ ಸಮೇತ ಕಂಡಿತು. ಎಲ್ಲರೂ ಅವರಿಗೆ ನಮಸ್ಕಾರ ಮಾಡಿದರು.

"ಬೆರಳು ಬರದವರಿಗೆ ಬ್ಯಾರೆ ಅರ್ಜಿ ಐತಲ್ಲಮ್ಮ" ಎಂದರು ಸಾಹೇಬರು. "ಚೀಲದಾಗ ಮೂರು ಪ್ರತಿ ಕೊಟ್ಟೀನಿ. ಅದರ ಮ್ಯಾಲ ಅವರು ಸ್ವಂತ ಕೈಲೆ ಸಹಿ ಮಾಡಬೇಕು."

"ಏನ್ ಮಾಡಬೇಕು?" ಎಂದ ಕರಿಬಸಪ್ಪ.

"ಸಹಿ."

"ಇನ್ನೊಮ್ಮೆ ಹೇಳ್ರಿ ಸಾಹೇಬ್ರ, ಹಿಂದಿನವರಿಗೆ ಕೇಳಿಸಿಲ್ಲ."

ಸಾಹೇಬರು ಇನ್ನೊಮ್ಮೆ ಹೇಳಿದರು. ಸಹಿ ಬಾರದವರು ಹೆಬ್ಬೆಟ್ಟು ಒತ್ತತಕ್ಕದ್ದು ಎಂದು ಅರ್ಜಿಯ ಕೆಳಗೆ ಬರೆದಿದೆ ಎಂದೂ ಹೇಳಿದರು. ಬೆರಳೇ ಬಾರದವರು ಹೆಬ್ಬೆಟ್ಟು ಹೇಗೆ ಒತ್ತಬೇಕೆಂದು ಸಣ್ಣಪ್ಪ ಕೇಳಿದ್ದಕ್ಕೆ, ಅದು ಮೇಲಿನವರು ಮಾಡಿದ ಅರ್ಜಿ ಎಂದರು.

ಸಹನಾ ಅರ್ಜಿ ಮುಂದಿಟ್ಟಳು. "ಒಮ್ಮೆ ಓದಿಕೋರಿ ಅಜ್ಜಾರ."

ಕರಿಬಸಪ್ಪ ಕಾಗದವನ್ನು ಒಮ್ಮೆ ಹತ್ತಿರ, ಒಮ್ಮೆ ದೂರ ಹಿಡಿದ. ಕಳಕಮ್ಮ ತಡಮಾಡಲಿಲ್ಲ. "ಅವರ ಚಾಳೀಸ ಮನ್ಯಾಗ ಐತವ್ವ. ನೀನs ಓದು" ಎಂದಳು. ಕರಿಬಸಪ್ಪನ ಮನೆಯಲ್ಲಿ ಕಣ್ಣಿಗೆ ಹಾಕುವ ಚಾಳೀಸು ಎಂಬ ವಸ್ತು ಯಾವ ಕಾಲಕ್ಕೂ ಇರಲಿಲ್ಲ.

ಓದಿದ್ದಾಯಿತು. ಅವನು ಕುರ್ಚಿಯ ಮೇಲೆ ಕೂತು, ಮೊಳಕೈ ಊರಿ, ಬರೆಯತೊಡಗಿದ. ಊರು ಉಸಿರು ಬಿಡದೆ ನೋಡಿತು. ಸಹಿ ಅದಕ್ಕೆಂದು ಬಿಟ್ಟ ಚೌಕ ದಾಟಿ, ಅಂಚು ದಾಟಿ, ಕೆಳಗಿಳಿದು, ಕಡೆಗೆ ನಿಂತಿತು. ಸಹನಾ ಅದರ ಫೋಟೋ ತೆಗೆದು ಕಳಿಸಿದಳು. ಸಾಹೇಬರು ಮೊಬೈಲನ್ನು ಮೂಗಿನ ಹತ್ತಿರ ತಂದರು.

"ಏನಮ್ಮಾ ಇದು? ಕರಿಬಸಪ್ಪ, ಸಾಕಿನ್ ಕರೇಮಟ್ಟಿ, ಜಿಲ್ಲಾ ರಾಯಚೂರು! ರಾಯಚೂರು ಜಿಲ್ಲಾದವರು ನಮ್ಮ ಯೋಜನಾಕ್ಕ ಬರಂಗಿಲ್ಲ."

ಸಂಜೆ ಸಾಲಿಯಲ್ಲಿ ಕಲಿಸಿದ್ದು ಹಾಗೆಯೇ. ಹೆಸರು, ಸಾಕಿನ್ ಎಂದರೆ ವಾಸದ ಊರು, ಜಿಲ್ಲೆ, ಎಲ್ಲ ಒಂದೇ ಸಾಲಿನಲ್ಲಿ. ಜಿಲ್ಲೆ ಒಡೆದು ಕೊಪ್ಪಳವಾಯಿತು, ಸಾಹೇಬರು ಬದಲಾದರು, ಬಸ್ಸಿನ ಬೋರ್ಡು ಬದಲಾಯಿತು. ಕರಿಬಸಪ್ಪನ ಕೈಗೆ ಯಾರೂ ತಿಳಿಸಿರಲಿಲ್ಲ.

"ಬರೇ ಹೆಸರು ಬರೀರಿ ಅಜ್ಜಾರ. ಹೆಸರು ಮುಗದ ಮ್ಯಾಲ ನಿಲ್ಲಸ್ರಿ" ಎಂದು ಸಹನಾ ಎರಡನೆಯ ಪ್ರತಿ ಇಟ್ಟಳು.

"ಹೂಂ, ನಿಲ್ಲಸ್ತೀನಿ" ಎಂದ. ಬರೆದ. ನಿಲ್ಲಲಿಲ್ಲ. ಪೆನ್ನು ಸಾಕಿನ್ ದಾಟಿತು, ಕರೇಮಟ್ಟಿ ದಾಟಿತು. "ನಿಲ್ಲಸೋ, ನಿಲ್ಲಸೋ!" ಎಂದು ಸಣ್ಣಪ್ಪ ಕೂಗಿದ. ಹೊರಟ ಎತ್ತಿನಬಂಡಿಗೆ ಹೇಳಿದ ಹಾಗಾಯಿತು. ಬಂಡಿ ರಾಯಚೂರಿಗೆ ಹೋಗಿಯೇ ನಿಂತಿತು.

ಐದಕ್ಕೆ ಏಳು ನಿಮಿಷ. ಉಳಿದದ್ದು ಒಂದೇ ಪ್ರತಿ. ಪಕ್ಕದ ಊರಿನಿಂದ ಒಂದು ಜೋಡಿ ಬೈಕಿನಲ್ಲಿ ಬಂದು ಅಂಗಳದಲ್ಲಿ ಕಾಯುತ್ತಿತ್ತು.

ಕಳಕಮ್ಮನಿಗೆ ಒಂದು ಸಂಗತಿ ಮೂವತ್ತು ವರ್ಷದಿಂದ ಗೊತ್ತಿತ್ತು. ಯಾರ ಮುಂದೆಯೂ ಆಡಿರಲಿಲ್ಲ. ಗಂಡನಿಗೆ ಬರುವುದು ಅಕ್ಷರವಲ್ಲ, ಸಹಿ. ಅದೂ ಹಗ್ಗದಂಥ ಸಹಿ. ಈ ತುದಿ ಹಿಡಿದರೆ ಆ ತುದಿ ಬರುವ ತನಕ ಕೈ ಬಿಡುವುದಿಲ್ಲ. ಎಲ್ಲಿ ಹೆಸರು ಮುಗಿಯಿತು, ಎಲ್ಲಿ ಊರು ಶುರುವಾಯಿತು ಎಂದು ಕೇಳಿದರೆ ಅವನಿಗೆ ತಿಳಿಯದು. ಸಂಘದ ಪುಸ್ತಕ ನೋಡಿ ನೋಡಿ ಆಕೆಗೆ ನಾಲ್ಕು ಅಕ್ಷರ ತಿಳಿಯುತ್ತಿದ್ದವು.

"ಬರೀರಿ" ಎಂದು ಆಕೆ ಕುರ್ಚಿಯ ಹತ್ತಿರ ಬಂದು, ಕಾಗದದ ಒಂದು ಮೂಲೆಯನ್ನು ಎರಡು ಬೆರಳಿಂದ ಹಿಡಿದು ನಿಂತಳು. "ಪೂರಾ ಬರೀರಿ. ನೀವು ಚಿಂತಿ ಮಾಡಬ್ಯಾಡ್ರಿ."

ಕರಿಬಸಪ್ಪ ಬರೆದ. ಹೆಸರಿನ ಕೊನೆಯ ಅಕ್ಷರ ಮುಗಿದು ಪೆನ್ನು ಮುಂದಕ್ಕೆ ಹೆಜ್ಜೆ ಎತ್ತಿತು. ಬಿಸಿ ಹಂಚಿನಿಂದ ರೊಟ್ಟಿ ತೆಗೆಯುವ ಹಾಗೆ ಕಳಕಮ್ಮ ಕಾಗದವನ್ನು ಸರಕ್ಕನೆ ಎಳೆದುಕೊಂಡಳು. ಪೆನ್ನು ನಿಲ್ಲಲಿಲ್ಲ. ಸಾಕಿನ್ ಕರೇಮಟ್ಟಿ ಜಿಲ್ಲಾ ರಾಯಚೂರು ಎಂಬಷ್ಟೂ ಪಂಚಾಯತಿಯ ಮೇಜಿನ ಮೇಲೆ ಚೊಕ್ಕವಾಗಿ ಮೂಡಿತು. ಅದು ಇಂದಿಗೂ ಅಲ್ಲಿದೆ. ಸುಣ್ಣ ಬಳಿಯುವವರು ಮೇಜು ಒರೆಸಿದರೂ ಹೋಗಲಿಲ್ಲ.

ಕಾಗದದ ಮೇಲೆ ಉಳಿದದ್ದು ಬರೀ 'ಕರಿಬಸಪ್ಪ'. ಚೌಕದ ಒಳಗೆ, ಅಂಚಿಗೆ ತಾಗದೆ.

ಸಾಹೇಬರು ಫೋಟೋ ನೋಡಿ, "ಈಗ ಸರಿ" ಎಂದರು. ಕಳಕಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು ತನ್ನ ಹೆಬ್ಬೆಟ್ಟು ಇಟ್ಟಳು. ಒಂದೇ ಸಲಕ್ಕೆ ಹಸಿರು ದೀಪ ಬಂತು. ಐದು ಹೊಡೆಯಲು ಎರಡು ನಿಮಿಷವಿತ್ತು. ಸೈದಾನಬಿ ಖುಷಿಗೆ ಎಣ್ಣೆ ಬಾಟಲಿಯನ್ನೇ ಕೈಬಿಟ್ಟಳು.

"ಅಜ್ಜಾರ, ಒಂದು ಮಾತು" ಎಂದಳು ಸಹನಾ, ಚೀಲ ಕಟ್ಟುತ್ತ. "ಮೊದಲ್ನೇ ವಾರ ಕಲಿಸೂದು ಕುಷ್ಟಗ್ಯಾಗ. ಜಾಗ ಸಣ್ಣದು. ಜೋಡ್ಯಾಗ ಒಬ್ಬರು ಬಂದು ಕಲ್ತು, ಇನ್ನೊಬ್ಬರಿಗೆ ಕಲಿಸಬೇಕು. ಯಾರು ಬರ್ತೀರಿ?"

ಕರಿಬಸಪ್ಪ ಕ್ಷೌರ ಮಾಡಿಸಿದ ಗಲ್ಲವನ್ನೊಮ್ಮೆ ಸವರಿಕೊಂಡು ಎದ್ದು ನಿಂತ. ಎಲ್ಲರೂ ಅವನ ಬಾಯನ್ನೇ ನೋಡಿದರು.

"ಆಕಿ ಹೋಗ್ತಾಳ" ಎಂದ. "ಎಲ್ಲಿ ನಿಲ್ಲಸಬೇಕು ಅಂತ ಆಕಿಗೆ ತಿಳಿತೈತಿ."

ಭಾನುವಾರ ಇಡೀ ದಿನ ಕಳಕಮ್ಮ ಅವನಿಗೆ ಒಲೆ ಹಚ್ಚುವುದು, ರೊಟ್ಟಿ ಎಣಿಸಿ ಬಿದಿರಿನ ಬುಟ್ಟಿಗೆ ಜೋಡಿಸುವುದು, ಬುಟ್ಟಿಯನ್ನು ಬಸ್ಸಿಗೆ ಹಾಕುವುದು ತೋರಿಸಿದಳು. ಅವನು ಎರಡು ಸಲ ಕೈ ಸುಟ್ಟುಕೊಂಡ. ಬುಟ್ಟಿ ಕಟ್ಟುವ ಹಗ್ಗ ಮಾತ್ರ ಅವನದು ಬಹಳ ಛಲೋ ಇತ್ತು.

ಮರುದಿನ ಎಂಟೂವರೆಯ ಕುಷ್ಟಗಿ ಬಸ್ಸು ಬಂದಾಗ ಕಂಡಕ್ಟರ್ ಬಾಗಿಲಲ್ಲಿ ನಿಂತು ಕೇಳಿದ.

"ಏನವ್ವಾ, ರೊಟ್ಟಿ ಬುಟ್ಟಿ ಇಲ್ಲೇನಿವತ್ತು? ಬರೇ ಚೀಲ ಹಿಡಕೊಂಡು ಹೊಂಟೀದಿ?"

"ಬುಟ್ಟಿ ಸಂಜಿ ಬಸ್ಸಿಗೆ ಬರ್ತೈತಪಾ. ಇವರು ಕಟ್ಟಿ ಹಾಕ್ತಾರ" ಎಂದು ಕಳಕಮ್ಮ ಹತ್ತಿ, ಮಗ್ಗುಲಲ್ಲಿ ಸೈದಾನಬಿಗೆ ಜಾಗ ಹಿಡಿದು ಕಿಟಕಿಯ ಹತ್ತಿರ ಕೂತಳು. ಕೆಳಗೆ ನಿಂತಿದ್ದ ಕರಿಬಸಪ್ಪನಿಗೆ, "ಹಾಲು ಉಕ್ಕತೈತಿ, ಮನಿಗೆ ನಡೀರಿ" ಎಂದಳು. ಅವನು ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ನಿಂತಿದ್ದ. ಹಾಲು ಉಕ್ಕಿಯೇ ಹೋಯಿತು. ಹೀಗೆ ಕರೇಮಟ್ಟಿಯಿಂದ ಕಲಿಯಲು ಹೋದವರು ಇಪ್ಪತ್ತು ಮಂದಿ, ಅವರಲ್ಲಿ ಹದಿಮೂರು ಹೆಂಗಸರು. ಎಲ್ಲರಿಗಿಂತ ಮುಂದೆ ಬಸ್ಸು ಹತ್ತಿದವಳು ಕಳಕಮ್ಮ. ಅಂದು ಸೋಮವಾರ.